ತೋಟದ ಹಳ್ಳದಿಂದ ಒಂದು ಕಿಲೋವ್ಯಾಟ್ ಕರೆಂಟ್

ಮೂಡಿಗೆರೆ, ಸಕಲೇಶಪುರದ ಕಡೆ ಪುಷ್ಯ ಮಳೆ ಹಿಡಿಯಿತೆಂದರೆ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಸೋಲಾರ್ ಸೊರಗುವುದೂ ಆಗಲೇ, ಹಳ್ಳ ತುಂಬಿ ಹರಿಯುವುದೂ ಆಗಲೇ. ತೋಟದೊಳಗೆ ಇಳಿಜಾರಿನ ಹಳ್ಳವಿದ್ದರೆ ಪಿಕೋ ಹೈಡ್ರೋ, ಅಂದರೆ ಪೈಪಿನಲ್ಲಿ ಇಳಿದ ನೀರು ಪುಟ್ಟ ಟರ್ಬೈನ್ ತಿರುಗಿಸಿ ಕರೆಂಟ್ ಕೊಡುವ ಯಂತ್ರ, ಹಾಕಿಸಬಹುದು. ಯಂತ್ರ ಮಾರುವವರನ್ನು ಕರೆಸುವ ಮೊದಲು ಅಳತೆ ನೀವೇ ತೆಗೆಯಿರಿ.

ಹಳ್ಳಕ್ಕೆ ಮಣ್ಣಿನ ಮೂಟೆ ಅಡ್ಡ ಇಟ್ಟು, ನೀರನ್ನೆಲ್ಲ ಪೈಪಿಗೆ ತಿರುಗಿಸಿ 200 ಲೀಟರ್ ಡ್ರಮ್ಮಿಗೆ ಬಿಡಿ. 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ಜುಲೈ ಅಳತೆ ನಂಬಬೇಡಿ. ಡಿಸೆಂಬರ್‌ನಲ್ಲಿ ಮತ್ತೆ ಅಳೆದು ಆ ನೀರಿಗೆ ತಕ್ಕ ಯಂತ್ರ ತನ್ನಿ. ನೀರು ಪೈಪಿಗೆ ಇಳಿಯುವ ಜಾಗದಿಂದ ಯಂತ್ರದವರೆಗಿನ ಎತ್ತರ ಅಳೆಯಲು ಗಾರೆಯವರ ಲೆವೆಲ್ ಪೈಪ್ (ನೀರು ತುಂಬಿದ ಪಾರದರ್ಶಕ ಕೊಳವೆ) ಸಾಕು, ಒಳಗೆ ಗುಳ್ಳೆ ಇರಬಾರದು. ಮೀಟರ್ ಲೆಕ್ಕದ ಎತ್ತರವನ್ನು ಸೆಕೆಂಡಿನ ಲೀಟರ್‌ನಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿದರೆ ಕೈಗೆ ಸಿಗುವ ವ್ಯಾಟ್: 20 ಮೀಟರ್, 10 ಲೀಟರ್ ಎಂದರೆ 1000.

ಹೆಚ್ಚಿನವರು ಎಡವುವುದು ಪೈಪಿನಲ್ಲಿ. ಇದೇ ನೀರು 100 ಮೀಟರ್ ಉದ್ದದ, ಒಳ ಅಳತೆ 100 ಮಿಲಿಮೀಟರ್ ಇರುವ ಪೈಪಿನಲ್ಲಿ ಇಳಿದರೆ ಘರ್ಷಣೆಗೆ ಹೋಗುವುದು ಒಂದೂಮುಕ್ಕಾಲು ಮೀಟರ್‌ನಷ್ಟು ಎತ್ತರ. ದುಡ್ಡು ಉಳಿಸಲು 70 ಮಿಲಿಮೀಟರ್ ಹಾಕಿದರೆ ಒಂಬತ್ತು ಮೀಟರ್ ದಾಟುತ್ತದೆ, ಅರ್ಧ ಕರೆಂಟ್ ಪೈಪಿನಲ್ಲೇ ಮುಗಿಯಿತು. ಉಳಿತಾಯ ಬೇರೆಲ್ಲಾದರೂ ಮಾಡಿ, ಇಲ್ಲಿ ಬೇಡ.

ಪೈಪಿನ ಮೇಲ್ತುದಿಯಲ್ಲಿ ಮರಳು ತಂಗುವ ತೊಟ್ಟಿ, ಅದಕ್ಕೆ ಓರೆಯಾಗಿ ನಿಲ್ಲಿಸಿದ ಜಾಲರಿ ಬೇಕು. ಸಿಲ್ವರ್ ಓಕ್ ಎಲೆ ಒದ್ದೆ ಕಾಗದದಂತೆ ಜಾಲರಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಕೈಯಾಡಿಸಬೇಕು. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಕೆಳಗಿರಲಿ. ಮೇಲೆ ಸುಳಿ ಕಂಡರೆ ಗಾಳಿ ಒಳಹೋಗುತ್ತಿದೆ ಎಂದೇ ಅರ್ಥ, ಆಗ ಬಲ್ಬು ಮಿಣುಕುತ್ತದೆ. ವಾಲ್ವ್ ನಿಧಾನಕ್ಕೆ ತಿರುಗಿಸಿ. ಒಮ್ಮೆಲೇ ಮುಚ್ಚಿದರೆ ನೀರಿನ ಹೊಡೆತಕ್ಕೆ ಜಾಯಿಂಟ್ ಬಿಡುತ್ತದೆ.

ಮನೆಯ ದೀಪ ಆರಿಸಿದಾಗ ಯಂತ್ರಕ್ಕೆ ಭಾರ ತಪ್ಪಿ ವೇಗ ಏರುತ್ತದೆ, ವೋಲ್ಟೇಜ್ ಜಿಗಿದು ಸಾಮಾನು ಸುಡುತ್ತದೆ. ಲೋಡ್ ಕಂಟ್ರೋಲರ್ ಅದಕ್ಕೇ ಇರುವುದು: ಮಿಕ್ಕ ಕರೆಂಟನ್ನು ನೀರು ಕಾಯಿಸುವ ಹೀಟರಿಗೆ ತಳ್ಳುತ್ತದೆ. ಯಂತ್ರ ಒಂದು ಕಿಲೋವ್ಯಾಟ್ ಆದರೆ ಹೀಟರ್ ಅದಕ್ಕಿಂತ ಕಡಿಮೆ ಇರಕೂಡದು, ಹೀಟರ್ ಮುಳುಗಿರುವ ತೊಟ್ಟಿ ಬತ್ತಕೂಡದು.

ಟರ್ಬೈನ್‌ನಿಂದ ಹೊರಬಂದ ನೀರನ್ನು ಹಳ್ಳಕ್ಕೇ ಬಿಡಿ, ಕೆಳಗೆ ಗದ್ದೆಯವರಿದ್ದಾರೆ. ಮನೆ ವೈರಿಂಗಿಗೆ ಚೇಂಜ್‌ಓವರ್ ಸ್ವಿಚ್ (ಲೈನ್ ಕರೆಂಟ್ ಇಲ್ಲವೇ ಯಂತ್ರದ ಕರೆಂಟ್, ಒಂದು ಸಲಕ್ಕೆ ಒಂದನ್ನೇ ಬಿಡುವ ಸ್ವಿಚ್) ಇಲ್ಲದೆ ಜೋಡಿಸಲೇಬೇಡಿ. ನಿಮ್ಮ ಕರೆಂಟ್ ಲೈನಿಗೆ ಹಿಂದಕ್ಕೆ ಹರಿದರೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ.