ತುಮಕೂರಿನಿಂದ ಕರಾವಳಿಗೆ, ಇಬ್ಬರೇ
ಗಂಡ ಹೆಂಡತಿ ಕಾರಲ್ಲಿ ಹೋಗುವುದಾದರೆ ಮಳೆಗಾಲ ಮುಗಿಯಲಿ, ಮಳೆಯಲ್ಲಿ ಕಡಲಿಗೆ ಇಳಿಯುವುದು ಅಪಾಯ. ಬೆಳಗ್ಗೆ 5ಕ್ಕೇ ತುಮಕೂರು ಬಿಡಿ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಜೋಗ ನೋಡಿಕೊಂಡು, ಗೇರುಸೊಪ್ಪೆ ಘಾಟಿಯನ್ನು ಬೆಳಕಿದ್ದಾಗಲೇ ಇಳಿದರೆ ಹೊನ್ನಾವರ. ರಾತ್ರಿ ಅಲ್ಲೇ ಉಳಿಯಿರಿ. ಘಾಟಿಯಲ್ಲಿ ಗೇರ್ ಇಳಿಸಿ ಓಡಿಸಿ. ನಮ್ಮ ಯಜಮಾನರು ಬರೀ ಬ್ರೇಕ್ ಒತ್ತಿಕೊಂಡೇ ಇಳಿಸಿ, ಸುಟ್ಟ ವಾಸನೆ ಬಂದು, ಅರ್ಧ ಗಂಟೆ ನಿಲ್ಲಬೇಕಾಯಿತು.

ಮರುದಿನ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ. ಮುರ್ಡೇಶ್ವರ, ಭಟ್ಕಳ, ಆಮೇಲೆ ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ! ಸುಮ್ನೆ ಫೋಟೋ ತೆಗೆದು ಓಡಬೇಡಿ, ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ಹಾಕಿ ಸೂರ್ಯ ಮುಳುಗುವವರೆಗೂ ಕೂತಿರಿ. ಕೆರೆ ನೋಡಿ ಬೆಳೆದ ನಮಗೆ ಅಷ್ಟು ನೀರು ಅಪರೂಪ ಅಲ್ವಾ? ಆ ರಾತ್ರಿಗೆ ಕುಂದಾಪುರ ಹತ್ತಿರ.