ಅಂಚೆ ಸಂಘದ ವಿಭಾಗೀಯ ಘಟಕ ಮಾತುಕತೆಗೆ ಸಜ್ಜಾಗುವುದು ಹೇಗೆ

ಹಳ್ಳಿಯ ಶಾಖಾ ಅಂಚೆ ಕಚೇರಿ (ಬಿಒ) ನಡೆಸುವ ಗ್ರಾಮೀಣ ಡಾಕ್ ಸೇವಕರಿಗೆ ಅಂಚೆ ಇಲಾಖೆ ಹಣ ಕೊಡುವುದು ದಿನಕ್ಕೆ ನಾಲ್ಕು ಅಥವಾ ಐದು ಗಂಟೆಯ ಕೆಲಸಕ್ಕೆ. 2018ರ ಜುಲೈ 1ರಿಂದ ಜಾರಿಯಲ್ಲಿರುವ ಟಿಆರ್‌ಸಿಎ (ಕೆಲಸದ ಗಂಟೆಗೆ ತಕ್ಕ ಭತ್ಯೆ) ಪ್ರಕಾರ ನಾಲ್ಕು ಗಂಟೆಯ ಬಿಪಿಎಂಗೆ, ಅಂದರೆ ಶಾಖಾ ಪೋಸ್ಟ್‌ಮಾಸ್ಟರರಿಗೆ, ತಿಂಗಳಿಗೆ ಆರಂಭದ ಮೊತ್ತ ₹12,000, ಐದು ಗಂಟೆಯವರಿಗೆ ₹14,500. ಎಬಿಪಿಎಂ (ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್) ಮತ್ತು ಡಾಕ್ ಸೇವಕ ಹುದ್ದೆಯವರಿಗೆ ನಾಲ್ಕು ಗಂಟೆಗೆ ₹10,000, ಐದು ಗಂಟೆಗೆ ₹12,000. ಇದರ ಮೇಲೆ ಡಿಎ (ತುಟ್ಟಿಭತ್ಯೆ). ಕೆಲಸ ಅಷ್ಟು ಹೊತ್ತಿಗೆ ಮುಗಿಯುವುದಿಲ್ಲ ಎಂಬುದು ಪ್ರತಿ ಬಿಒದಲ್ಲೂ ಗೊತ್ತಿರುವ ಸಂಗತಿ. ಆದರೆ ವಿಭಾಗದ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಎದುರು ಕೂತಾಗ "ಎಲ್ಲರಿಗೂ ಗೊತ್ತಿದೆ" ಎಂಬ ಮಾತಿಗೆ ಬೆಲೆಯಿಲ್ಲ. ಯಾವ ಬಿಒ, ಯಾವ ದಿನ, ಎಷ್ಟು ನಿಮಿಷ ಎಂದು ತೋರಿಸಿದರೆ ಮಾತ್ರ ಬೆಲೆ.

ಹಾಗಾದರೆ ಅಂಕಿ ಇದ್ದರೆ ಸಾಕೇ, ಬೀದಿಗಿಳಿಯುವ ಜನಬಲ ಬೇಡವೇ? ಅದೂ ಬೇಕು. ಡಾಕ್ ಸೇವಕರ ಭತ್ಯೆ, ಸೇವಾ ಸ್ಥಿತಿ ನೋಡಿದ ಕಮಲೇಶ್ ಚಂದ್ರ ಸಮಿತಿಯ ವರದಿ 2016ರ ನವೆಂಬರ್‌ನಲ್ಲೇ ಸಲ್ಲಿಕೆಯಾಗಿತ್ತು. 2018ರ ಮೇ 22ರಿಂದ ದೇಶದಾದ್ಯಂತ ಡಾಕ್ ಸೇವಕರು ಮುಷ್ಕರ ಹೂಡಿದರು, ಜೂನ್ 6ರಂದು ಕೇಂದ್ರ ಸಂಪುಟ ಹೊಸ ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತು. ವರದಿ ಇಲ್ಲದೆ ಮುಷ್ಕರ ಮಾತ್ರ ನಡೆದಿದ್ದರೆ ಒಪ್ಪಿಕೊಳ್ಳಲು ಕೈಯಲ್ಲಿ ಅಂಕಿಗಳೇ ಇರುತ್ತಿರಲಿಲ್ಲ. ಮುಷ್ಕರವಿಲ್ಲದೆ ವರದಿ ಮಾತ್ರ ಇದ್ದ ಒಂದೂವರೆ ವರ್ಷದಲ್ಲಿ ಏನಾಯಿತೆಂದು ಎಲ್ಲರೂ ನೋಡಿದ್ದಾರೆ. ವಿಭಾಗೀಯ ಘಟಕದ ಕೆಲಸ ಈ ಎರಡನ್ನೂ ಕೆಳಗಿನಿಂದ ಕಟ್ಟುವುದು.

ಯಾರ ಬಳಿ ಏನು ಕೇಳಬೇಕು

ಮೊದಲು ಬೇಡಿಕೆಗಳನ್ನು ಮೂರು ಹಾಳೆಗಳಲ್ಲಿ ಬೇರೆಬೇರೆ ಬರೆಯಿರಿ. ವಿಭಾಗದಲ್ಲೇ ತೀರುವಂಥವು ಒಂದರಲ್ಲಿ: ಕೆಟ್ಟ ಡಿವೈಸ್, ಬಾಕಿ ಬಿಲ್, ರಜೆಗೆ ಬದಲಿ ಜನ, ಡಾಕ್ ಬರುವ ಹೊತ್ತಿಗೆ ಹೊಂದದ ಬಿಒ ಸಮಯ, ಖಾಲಿ ಹುದ್ದೆಯ ಹೆಚ್ಚುವರಿ ಹೊರೆ. ಪ್ರದೇಶದ ಅಥವಾ ವೃತ್ತದ ಕಚೇರಿ ತೀರ್ಮಾನಿಸಬೇಕಾದವು ಎರಡನೆಯದರಲ್ಲಿ. ಟಿಆರ್‌ಸಿಎ, ಪಿಂಚಣಿ, ಎಂಟು ಗಂಟೆ ಕೆಲಸ ಮೂರನೆಯದರಲ್ಲಿ. ಇವು ಇಲಾಖೆಯ ಕೇಂದ್ರ ಕಚೇರಿಯಾದ ದೆಹಲಿಯ ಡಾಕ್ ಭವನದ ಮತ್ತು ಅದಕ್ಕೂ ಮೇಲಿನವರ ವಿಷಯ.

ಮೂರನೆಯ ಹಾಳೆಯನ್ನು ಸೂಪರಿಂಟೆಂಡೆಂಟರ ಸಭೆಗೆ ತಂದರೆ "ಇದು ನೀತಿಯ ವಿಷಯ, ಈ ಕಚೇರಿಗೆ ಸಂಬಂಧಿಸಿದ್ದಲ್ಲ" ಎಂದು ನಡಾವಳಿಯಲ್ಲಿ ಒಂದು ಸಾಲು ಬರುತ್ತದೆ, ಸಭೆಯ ಅರ್ಧ ಸಮಯ ಹೋಗುತ್ತದೆ. ಆ ಹಾಳೆ ಸಂಘದ ಕೇಂದ್ರ ಕಚೇರಿಗೆ ಹೋಗಲಿ, ಜೊತೆಗೆ ನಿಮ್ಮ ವಿಭಾಗದ ಅಂಕಿಗಳೂ ಹೋಗಲಿ. ಕಾಯಂ ಇಲಾಖಾ ನೌಕರರ ವೇತನವನ್ನು ವೇತನ ಆಯೋಗ ನೋಡುತ್ತದೆ. ಡಾಕ್ ಸೇವಕರಿಗೆ ತಲ್ವಾರ್, ನಟರಾಜಮೂರ್ತಿ, ಕಮಲೇಶ್ ಚಂದ್ರ ಎಂದು ಪ್ರತ್ಯೇಕ ಸಮಿತಿಗಳೇ ಬಂದಿವೆ. ಮುಂದಿನ ಸಮಿತಿಯ ಪ್ರಶ್ನಾವಳಿ ಬಂದ ಮೇಲೆ ಅಂಕಿ ಹುಡುಕಲು ಹೊರಟರೆ ಹೊತ್ತು ಮೀರಿರುತ್ತದೆ.

ಒಬ್ಬ ವ್ಯಕ್ತಿಯ ಶಿಸ್ತುಕ್ರಮ, ಪುಟ್ ಆಫ್ ಡ್ಯೂಟಿಯಂಥ (ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು) ಪ್ರಕರಣ ಯಾವ ಹಾಳೆಯಲ್ಲೂ ಬೇಡ. ಸೇವಾ ಸಂಘಗಳ ಮಾನ್ಯತೆಯ ನಿಯಮಗಳು ವ್ಯಕ್ತಿಗತ ಸೇವಾ ವಿಷಯಗಳನ್ನು ಸಂಘ ಎತ್ತಿಕೊಳ್ಳಲು ಬಿಡುವುದಿಲ್ಲ. ಅವರಿಗೆ ಅರ್ಜಿ ಬರೆದುಕೊಡಿ, ಮೇಲ್ಮನವಿಯ ಗಡುವು ನೆನಪಿಸಿ, ಆದರೆ ಅರ್ಜಿ ಅವರ ಹೆಸರಿನಲ್ಲೇ ಹೋಗಬೇಕು. ಒಂದೇ ತೊಂದರೆ ಐದಾರು ಜನರಿಗೆ ಆಗಿದ್ದರೆ ಅದು ಸಾಮೂಹಿಕ ವಿಷಯ, ಧೈರ್ಯವಾಗಿ ಪಟ್ಟಿಗೆ ಸೇರಿಸಿ.

ಸದಸ್ಯರನ್ನು ತಲುಪುವುದು

ಕಾರ್ಖಾನೆಯ ಸಂಘಕ್ಕೆ ಗೇಟ್ ಇರುತ್ತದೆ, ಪಾಳಿ ಬಿಟ್ಟಾಗ ಎಲ್ಲರೂ ಸಿಗುತ್ತಾರೆ. ನಮ್ಮಲ್ಲಿ ಒಬ್ಬ ಬಿಪಿಎಂ ಒಂದು ಊರಿನಲ್ಲಿ, ಇನ್ನೊಬ್ಬರು ಹತ್ತು ಕಿಲೋಮೀಟರ್ ಆಚೆ. ಹಾಗಾಗಿ ಹಲವು ಬಿಒಗಳು ಲೆಕ್ಕ ಒಪ್ಪಿಸುವ ಅಕೌಂಟ್ ಆಫೀಸನ್ನೇ ಘಟಕವಾಗಿ ಹಿಡಿಯಿರಿ. ಒಂದೊಂದು ಅಕೌಂಟ್ ಆಫೀಸಿಗೆ ಸೇರಿದ ಬಿಒಗಳ ಪಟ್ಟಿ ಮಾಡಿ ಒಬ್ಬ ಸಂಪರ್ಕ ಸದಸ್ಯರನ್ನು ಗೊತ್ತುಮಾಡಿ. ಒಬ್ಬರ ಕೈಕೆಳಗೆ ಹತ್ತಕ್ಕಿಂತ ಹೆಚ್ಚು ಹೆಸರು ಬೇಡ, ಹತ್ತು ದಾಟಿದರೆ ಫೋನ್ ಮಾಡುವುದು ನಿಲ್ಲುತ್ತದೆ. ಸಂಪರ್ಕ ಸದಸ್ಯರಾಗಲು ಜೋರಾಗಿ ಭಾಷಣ ಮಾಡುವವರೇ ಬೇಕಿಲ್ಲ. ಡೈಲಿ ಅಕೌಂಟ್ ತಾಳೆಯಾಗದಿದ್ದಾಗ ಉಳಿದವರು ಯಾರಿಗೆ ಫೋನ್ ಮಾಡುತ್ತಾರೋ ಅವರೇ ಸರಿಯಾದವರು. ಮಹಿಳಾ ಬಿಪಿಎಂಗಳು ಹೆಚ್ಚಿರುವ ಕಡೆ ಸಂಪರ್ಕ ಸದಸ್ಯೆಯೇ ಇರಲಿ. ಸಂಜೆ ಆರರ ಸಭೆಗೆ ಅವರು ಬರಲಿಲ್ಲ ಎಂದು ದೂರುವ ಬದಲು ಭಾನುವಾರ ಬೆಳಿಗ್ಗೆ, ಬಸ್ ಇರುವ ಊರಿನಲ್ಲಿ ಸಭೆ ಇಡಿ.

ವಾಟ್ಸ್ಆ್ಯಪ್ ಗುಂಪು ಸುದ್ದಿ ಮುಟ್ಟಿಸಲು ಸಾಕು, ಮನಸ್ಸು ತಿಳಿಯಲು ಸಾಲದು. ಹೆಬ್ಬೆರಳಿನ ಗುರುತು ಹಾಕಿದವರೆಲ್ಲ ಧರಣಿಗೆ ಬರುವುದಿಲ್ಲ. ಗುಂಪಿನಲ್ಲಿ ಅಧಿಕಾರಿಗಳ ಹೆಸರೆತ್ತಿ ಬರೆದದ್ದು ಮರುದಿನ ಸ್ಕ್ರೀನ್‌ಶಾಟ್ ಆಗಿ ವಿಭಾಗೀಯ ಕಚೇರಿಯಲ್ಲಿರುತ್ತದೆ, ಬರೆದವರ ಮೇಲೆ ನೋಟಿಸ್ ಬರುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡುವುದು ಒಳ್ಳೆಯದು. ಎರಡು ವಾರಕ್ಕೊಮ್ಮೆ ಫೋನಿನಲ್ಲಿ ಐದು ನಿಮಿಷ ಮಾತಾಡಿ. ಮೊದಲು ಅವರ ತೊಂದರೆ ಕೇಳಿ, ಆಮೇಲೆ ಸಂಘದ ವಿಷಯ.

ಸದಸ್ಯತ್ವದ ಲೆಕ್ಕ ನಡೆಯುವುದು ಸಂಬಳದಿಂದ ಕಡಿತವಾಗುವ ವಂತಿಗೆಯ ಮೇಲೆ. ಮಾನ್ಯತೆಗೆ ಆ ವರ್ಗದ ನೌಕರರಲ್ಲಿ ಕನಿಷ್ಠ ಶೇ. 35 ಬೇಕು. ಒಂದೇ ಸಂಘ ಶೇ. 35 ದಾಟಿದ್ದರೆ ಎರಡನೆಯದಕ್ಕೆ ಶೇ. 15 ಇದ್ದರೂ ಮಾನ್ಯತೆ ಸಿಗಬಹುದು. ಸಂಘ ಬದಲಿಸುವ ಒಪ್ಪಿಗೆ ಪತ್ರ ಕೊಡುವ ಕಾಲ ಏಪ್ರಿಲ್. ಆದ್ದರಿಂದ ಫಾರಂ ಹಿಡಿದು ಓಡಾಡುವುದು ಮಾರ್ಚ್‌ನಲ್ಲೇ ಶುರುವಾಗಲಿ. ಫಾರಂ ಕೊಟ್ಟು ಬಂದರೆ ಆಗಲಿಲ್ಲ. ಸ್ವೀಕೃತಿ ಪಡೆಯಿರಿ, ಮುಂದೆ ಪೇಸ್ಲಿಪ್‌ನಲ್ಲಿ ಯಾವ ಸಂಘದ ಹೆಸರಿಗೆ ಕಡಿತವಾಗಿದೆ ನೋಡಿ. ಹೆಸರಿನ ಕಾಗುಣಿತ ಅಥವಾ ಎಂಪ್ಲಾಯೀ ಐಡಿ ತಪ್ಪಿ ಅರ್ಜಿ ಬಿದ್ದುಹೋಗುವುದು ಸಾಮಾನ್ಯ.

ಕೆಲಸದ ಹೊತ್ತಿನ ದಾಖಲೆ

ಇಡೀ ತಯಾರಿಯಲ್ಲಿ ಹೆಚ್ಚು ಶ್ರಮ ಬೇಡುವುದು ಇದೇ, ಹೆಚ್ಚು ಫಲ ಕೊಡುವುದೂ ಇದೇ. ಇಲಾಖೆ ಕೆಲಸದ ಹೊರೆಯನ್ನು ಅಳೆಯುವುದು ಮುಖ್ಯವಾಗಿ ವಹಿವಾಟಿನ ಲೆಕ್ಕದಲ್ಲಿ. ನೆಟ್‌ವರ್ಕ್ ಇಲ್ಲದೆ ಕೂತ ಮುಕ್ಕಾಲು ಗಂಟೆ, ತಡವಾದ ಬಸ್ಸಿಗೆ ಕಾದ ಅರ್ಧ ಗಂಟೆ, ಎರಡು ಸಲ ಬೆರಳೊತ್ತಿದರೂ ಆಧಾರ್ ಹೊಂದದೆ ಮೂರನೆಯ ಸಲಕ್ಕೆ ಆದ ಪಾವತಿ, ಇವು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಕಾಣುವಂತೆ ಮಾಡುವುದೇ ನಿಮ್ಮ ಫಾರಂ.

ದಿನಕ್ಕೊಂದು ಸಾಲು, ಏಳು ಕಾಲಂ ಸಾಕು: ಕಚೇರಿ ತೆರೆದ ಹೊತ್ತು, ಡಾಕ್ ಚೀಲ ಬಂದ ಹೊತ್ತು, ಕೌಂಟರ್ ವಹಿವಾಟಿನ ಸಂಖ್ಯೆ, ನೆಟ್‌ವರ್ಕ್ ಅಥವಾ ಡಿವೈಸ್ ನಿಂತ ನಿಮಿಷಗಳು, ಬಟವಾಡೆಯ ದೂರ ಮತ್ತು ಹೊತ್ತು, ದಿನದ ಲೆಕ್ಕ ಮುಗಿದ ಹೊತ್ತು, ಕಚೇರಿ ಸಮಯದ ಹೊರಗೆ ಮಾಡಿದ ಕೆಲಸ. ಕೊನೆಯ ಕಾಲಂನಲ್ಲಿ ಮೇಳ, ಖಾತೆ ತೆರೆಯುವ ಟಾರ್ಗೆಟ್‌ಗಾಗಿ ಮನೆಮನೆ ಸುತ್ತಿದ್ದು, ನಗದು ತರಲು ಅಕೌಂಟ್ ಆಫೀಸಿಗೆ ಹೋದದ್ದು ಬರಲಿ. ಎಂಟನೆಯ ಕಾಲಂ ಸೇರಿಸುವ ಆಸೆ ಬೇಡ. ಫಾರಂ ಉದ್ದವಾದಷ್ಟೂ ಮೂರನೆಯ ದಿನಕ್ಕೆ ನಿಂತುಹೋಗುತ್ತದೆ.

ಅವಧಿ ಪೂರ್ತಿ ಒಂದು ತಿಂಗಳು ಇರಲಿ. ಒಂದು ವಾರದ ದಾಖಲೆಯನ್ನು "ಆ ವಾರ ವಿಶೇಷ" ಎಂದು ತಳ್ಳಿಹಾಕುವುದು ಸುಲಭ. ತಿಂಗಳ ಮೊದಲರ್ಧದಲ್ಲಿ ತೆರೆದ ಆರ್‌ಡಿ ಖಾತೆಗಳ ಕಂತು 15ರೊಳಗೆ ಬರುತ್ತದೆ, ಉಳಿದವರದು ಕೊನೆಯ ಕೆಲಸದ ದಿನದೊಳಗೆ. ಹೀಗಾಗಿ ತಿಂಗಳಲ್ಲಿ ಎರಡು ಸಲ ಜನ ಏರುತ್ತಾರೆ. ಗೃಹಲಕ್ಷ್ಮಿ ಹಣ ಖಾತೆಗೆ ಬಿದ್ದ ದಿನ ಐಪಿಪಿಬಿ (ಅಂಚೆಯ ಪೇಮೆಂಟ್ಸ್ ಬ್ಯಾಂಕ್) ಪಾವತಿಗೆ ಬರುವ ಜನರೇ ಬೇರೆ, ಅಂದು ನಗದು ಸಾಲದೆ ಆಗುವ ಓಡಾಟವೂ ಬೇರೆ. ಈ ಏರಿಳಿತ ಕಾಣಬೇಕು.

ವಿಭಾಗದ ಬಿಒಗಳಲ್ಲಿ ಮೂರನೇ ಒಂದು ಭಾಗವಾದರೂ ಸೇರಲಿ, ಪ್ರತಿ ಅಕೌಂಟ್ ಆಫೀಸಿನಿಂದ ಕನಿಷ್ಠ ಎರಡು. ಹೆಚ್ಚು ವಹಿವಾಟಿನವನ್ನೇ ಆರಿಸಿದರೆ ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ. ಮಲೆನಾಡಿನಲ್ಲಿ ವಹಿವಾಟು ಕಡಿಮೆ, ಬಟವಾಡೆಯ ನಡಿಗೆ ಉದ್ದ. ಬಯಲುಸೀಮೆಯ ದೊಡ್ಡ ಹಳ್ಳಿಯಲ್ಲಿ ಇದು ತಿರುವುಮುರುವು. ಎರಡೂ ಬೇಕು.

ಕೆಡುವುದು ಎಲ್ಲಿ ಎಂದರೆ, ತಿಂಗಳ ಕೊನೆಯಲ್ಲಿ ಒಂದೇ ಸಂಜೆ ಕೂತು ಮೂವತ್ತು ಸಾಲು ತುಂಬುವುದರಲ್ಲಿ. ಒಂದೇ ಪೆನ್ನು, ದಿನವೂ 9.00ಕ್ಕೆ ತೆರೆದು 4.00ಕ್ಕೆ ಮುಚ್ಚಿದ್ದು: ನೋಡಿದ ತಕ್ಷಣ ಗೊತ್ತಾಗುತ್ತದೆ. ಒಂದು ಫಾರಂ ಸುಳ್ಳೆಂದು ಸಾಬೀತಾದರೆ ಪ್ರಾಮಾಣಿಕವಾಗಿ ತುಂಬಿದ ಉಳಿದ ಅಷ್ಟೂ ಫಾರಂಗಳು ಹೋದವು. ಪ್ರತಿ ಶನಿವಾರ ಹಾಳೆಯ ಫೋಟೋ ಸಂಪರ್ಕ ಸದಸ್ಯರಿಗೆ ಹೋಗಲಿ. ಅವರು ವಹಿವಾಟಿನ ಸಂಖ್ಯೆಯನ್ನು ಆ ದಿನದ ಡೈಲಿ ಅಕೌಂಟ್ ಜೊತೆ ತಾಳೆ ನೋಡಲಿ. ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಪರದೆಯ ಫೋಟೋ ಎಲ್ಲಿಯೂ ಬೇಡ. ಅದು ಗ್ರಾಹಕರಿಗೆ ಮಾಡುವ ಅನ್ಯಾಯ, ಸದಸ್ಯರ ಮೇಲೆ ಶಿಸ್ತುಕ್ರಮಕ್ಕೂ ದಾರಿ.

ಜೊತೆಗೆ ಇಲಾಖೆಯ ಅಂಕಿಯನ್ನೂ ತರಿಸಿಕೊಳ್ಳಿ. ₹10ರ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೊನೆಯ ಬಾರಿ ನಡೆದ ಕೆಲಸದ ಹೊರೆ ಪರಿಶೀಲನೆಯ ಪ್ರತಿ ಕೇಳಿ. ಉತ್ತರಕ್ಕೆ 30 ದಿನ. ಆ ಹಕ್ಕು ಇರುವುದು ನಾಗರಿಕರಿಗೆ, ಆದ್ದರಿಂದ ಅರ್ಜಿ ಸಂಘದ ಲೆಟರ್‌ಹೆಡ್‌ನಲ್ಲಿ ಬೇಡ, ಒಬ್ಬ ಸದಸ್ಯರ ಸ್ವಂತ ಹೆಸರಿನಲ್ಲಿ ಇರಲಿ.

ಬೇಡಿಕೆ ಪಟ್ಟಿ ಬರೆಯುವುದು

"ಡಾಕ್ ಸೇವಕರ ಕೆಲಸದ ಹೊರೆ ವಿಪರೀತವಾಗಿದ್ದು ಕೂಡಲೇ ಸರಿಪಡಿಸಬೇಕು." ಈ ಸಾಲಿಗೆ "ಪರಿಶೀಲಿಸಲಾಗುವುದು" ಎಂಬುದಲ್ಲದೆ ಬೇರೆ ಉತ್ತರ ಸಾಧ್ಯವಿಲ್ಲ. ಹೀಗೆ ಬರೆದು ನೋಡಿ: "ಲಗತ್ತಿಸಿದ ಪಟ್ಟಿಯ 20 ಬಿಒಗಳಲ್ಲಿ ಬಿಪಿಎಂಗಳಿಗೆ ನಾಲ್ಕು ಗಂಟೆಯ ಟಿಆರ್‌ಸಿಎ ಇದೆ. ಒಂದು ತಿಂಗಳ ದಾಖಲೆಯಂತೆ ಸರಾಸರಿ ಕೆಲಸ ಐದು ಗಂಟೆ ಮೀರಿದೆ. ಇವುಗಳ ಹೊರೆಯನ್ನು ಸಂಘದ ಪ್ರತಿನಿಧಿಯ ಸಮ್ಮುಖದಲ್ಲಿ ಇಂಥ ದಿನಾಂಕದೊಳಗೆ ಮರುಪರಿಶೀಲಿಸಿ, ಅರ್ಹವಾದವನ್ನು ಐದು ಗಂಟೆಗೆ ಏರಿಸಬೇಕು." ಇದಕ್ಕೆ ಹೌದು, ಇಲ್ಲ, ಅಥವಾ ಇಷ್ಟು ಬಿಒಗೆ ಹೌದು ಎಂದೇ ಹೇಳಬೇಕಾಗುತ್ತದೆ.

ಖರ್ಚನ್ನೂ ನೀವೇ ಲೆಕ್ಕ ಹಾಕಿಡಿ. ₹12,000ಕ್ಕೂ ₹14,500ಕ್ಕೂ ವ್ಯತ್ಯಾಸ ₹2,500. ಡಿಎ ಶೇ. 50 ಎಂದು ಹಿಡಿದರೆ ತಿಂಗಳಿಗೆ ₹3,750, ವರ್ಷಕ್ಕೆ ₹45,000. 20 ಬಿಒಗೆ ವರ್ಷಕ್ಕೆ ₹9 ಲಕ್ಷ. ಸಭೆಯ ಹಿಂದಿನ ದಿನ ಜಾರಿಯಲ್ಲಿರುವ ಡಿಎ ಹಾಕಿ ಲೆಕ್ಕ ತಿದ್ದಿ. ಖರ್ಚು ಗೊತ್ತಿಲ್ಲದೆ ಕೇಳಿದರೆ "ಕೋಟಿಗಟ್ಟಲೆ ಆಗುತ್ತದೆ" ಎಂಬ ಮಾತಿಗೆ ಬಾಯಿ ಕಟ್ಟುತ್ತದೆ.

ವಿಭಾಗದ ಪಟ್ಟಿಯಲ್ಲಿ ಹತ್ತು ವಿಷಯ ಮೀರದಿರಲಿ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲೇಬಾರದು ಎಂದು ಕಾರ್ಯಕಾರಿ ಸಮಿತಿಯಲ್ಲಿ ಮೊದಲೇ ತೀರ್ಮಾನಿಸಿ, ಆ ಕ್ರಮ ಹೊರಗೆ ಹೋಗದಂತೆ ನೋಡಿಕೊಳ್ಳಿ. ಅಳೆಯಬಹುದಾದ ಬೇಡಿಕೆ ಮುಂದಿರಲಿ. 2023ರ ಡಿಸೆಂಬರ್ 12ರಂದು ಶುರುವಾದ ಮುಷ್ಕರದ ಬೇಡಿಕೆಗಳಲ್ಲಿ 12, 24, 36 ವರ್ಷ ಸೇವೆಗೆ ಬಡ್ತಿ ಹಣವೂ ಇತ್ತು, ಪಿಂಚಣಿಯೂ ಇತ್ತು. 2024ರ ಮಾರ್ಚ್‌ನಲ್ಲಿ ಘೋಷಣೆಯಾದದ್ದು ಮೊದಲನೆಯದು: ವರ್ಷಕ್ಕೆ ₹4,320, ₹5,520, ₹7,200. ಕೇಳಿದ್ದಕ್ಕಿಂತ ತೀರಾ ಕಡಿಮೆ ಎಂಬ ನೋವು ನ್ಯಾಯವಾದದ್ದೇ. ಆದರೂ ಅಂಕಿ ಇದ್ದ ಬೇಡಿಕೆಗೆ ಅಂಕಿಯಲ್ಲೇ ಉತ್ತರ ಬಂತು.

ಮೇಜಿನ ಮುಂದೆ

ಮಾತಾಡುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು, ಕೇಳಿದ ಕಾಗದ ತಕ್ಷಣ ತೆಗೆದುಕೊಡುವವರು ಒಬ್ಬರು. ನಮ್ಮವರೇ ಇಬ್ಬರು ಎರಡು ಮಾತಾಡಿದರೆ ಎದುರಿನವರಿಗೆ ಸಾಕು. ಒಮ್ಮತವಾಗದಿದ್ದರೆ "ಐದು ನಿಮಿಷ ಹೊರಗೆ ಹೋಗಿ ಬರುತ್ತೇವೆ ಸರ್" ಎಂದು ಎದ್ದು ಬನ್ನಿ, ಅದರಲ್ಲಿ ಸಂಕೋಚವಿಲ್ಲ.

"ನೋಡೋಣ", "ಮೇಲಕ್ಕೆ ಬರೆಯುತ್ತೇವೆ" ಎಂದಾಗ ಮೂರು ಪ್ರಶ್ನೆ ಕೇಳಿ: ಯಾರು ಬರೆಯುತ್ತಾರೆ, ಯಾವ ದಿನಾಂಕದೊಳಗೆ, ಪ್ರತಿ ಸಂಘಕ್ಕೆ ಸಿಗುತ್ತದೆಯೇ. ಅಧಿಕೃತ ನಡಾವಳಿ ಬರುವುದು ತಡ, ಬಂದಾಗ ಮಾತುಗಳು ತೆಳುವಾಗಿರುತ್ತವೆ. ಅದಕ್ಕಾಗಿ ಎರಡು ದಿನದೊಳಗೆ "ಸಭೆಯಲ್ಲಿ ಹೀಗೆ ಒಪ್ಪಿಗೆಯಾಗಿದೆ" ಎಂದು ಅಂಶವಾರು ಪತ್ರ ಬರೆದು ಇನ್‌ವರ್ಡ್ ಸಂಖ್ಯೆ ಪಡೆಯಿರಿ. ನಡಾವಳಿಯಲ್ಲಿ ತಪ್ಪಿದ್ದರೆ ಈ ಪತ್ರವೇ ಆಧಾರ.

ಒತ್ತಡ ಹೆಚ್ಚಿಸುವಾಗ

ಕಪ್ಪು ಬ್ಯಾಡ್ಜ್, ಊಟದ ಬಿಡುವಿನ ಪ್ರದರ್ಶನ, ರಜಾದಿನದ ಧರಣಿ, ಆಮೇಲೆ ಮುಷ್ಕರ. ಪ್ರತಿ ಹೆಜ್ಜೆಯಲ್ಲೂ ತಲೆ ಎಣಿಸಿ. ಬ್ಯಾಡ್ಜ್ ಹಾಕದವರು ಮುಷ್ಕರಕ್ಕೆ ಬರುವುದಿಲ್ಲ. ಅರ್ಧದಷ್ಟು ಜನವೂ ಧರಣಿಗೆ ಬಾರದಿದ್ದರೆ ಮುಂದಿನ ಹೆಜ್ಜೆ ಮುಂದೂಡಿ, ಮತ್ತೆ ಫೋನಿಗೆ ಕೂರಿ.

ಮುಷ್ಕರದ ನೋಟಿಸ್ ಕೊಡುವುದು ಕೇಂದ್ರ ಸಂಘದ ಕೆಲಸ. ವಿಭಾಗದ ಮಟ್ಟದಲ್ಲಿ ಏಕಾಏಕಿ ಕಚೇರಿ ಮುಚ್ಚಿಸಬೇಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ನೋಟಿಸ್ ಕೊಟ್ಟ 14 ದಿನಗಳೊಳಗೆ ಮುಷ್ಕರ ಹೂಡುವಂತಿಲ್ಲ, 60 ದಿನ ದಾಟಿದರೆ ಆ ನೋಟಿಸ್ ನಡೆಯುವುದಿಲ್ಲ, ರಾಜಿ ಸಂಧಾನ ನಡೆಯುವಾಗಲೂ ಮುಗಿದ ಏಳು ದಿನವೂ ನಿಷೇಧ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಇಲಾಖಾ ನೌಕರರಿಗೆ 1964ರ ನಡತೆ ನಿಯಮಗಳ 7ನೇ ನಿಯಮ ಬೇರೆ ಅಡ್ಡ ಇದೆ. ಕೆಲಸವಿಲ್ಲದ ದಿನಕ್ಕೆ ಸಂಬಳವಿಲ್ಲ ಎಂಬುದನ್ನು ಸದಸ್ಯರಿಗೆ ರೂಪಾಯಿ ಲೆಕ್ಕದಲ್ಲಿ ಮೊದಲೇ ಹೇಳಿ. ಮುಚ್ಚಿಟ್ಟರೆ ಮೂರನೆಯ ದಿನ ಜನ ಮರಳುತ್ತಾರೆ, ಸಂಘದ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಿಂದಿನ ದಿನ ಪ್ರತಿ ಬಿಪಿಎಂ ಆ ದಿನದ ಲೆಕ್ಕ ಪೂರ್ತಿ ಮುಗಿಸಿ, ಹೆಚ್ಚುವರಿ ನಗದನ್ನು ಅಕೌಂಟ್ ಆಫೀಸಿಗೆ ಕಳಿಸಿ, ಉಳಿದ ನಗದು, ಸ್ಟ್ಯಾಂಪು, ಬಟವಾಡೆಯಾಗದ ಸ್ಪೀಡ್ ಪೋಸ್ಟ್ ಎಲ್ಲವನ್ನೂ ಬರೆದಿಡಬೇಕು. ಮುಷ್ಕರ ಮುಗಿದ ಮೇಲೆ ಬರುವ ಹಣದ ಆರೋಪಕ್ಕೆ ಆ ಹಾಳೆಯೇ ಉತ್ತರ. ಊರಿನವರಿಗೂ ವಾರ ಮೊದಲೇ ತಿಳಿಸಿ, ಆರ್‌ಡಿ ಕಂತು ಮುಂಚೆ ಕಟ್ಟಿಸಿ. ತಪ್ಪಿದರೆ ₹100ಕ್ಕೆ ₹1 ದಂಡ ಬೀಳುವುದು ಅವರ ಜೇಬಿಗೆ. ಔಷಧಿ ಪಾರ್ಸೆಲ್, ಸಂದರ್ಶನ ಪತ್ರ ಬಂದಿದ್ದರೆ ಅಂದೇ ಮುಟ್ಟಿಸಿ. ಊರು ನಮ್ಮ ಜೊತೆ ನಿಂತರೆ ಅರ್ಧ ಮಾತುಕತೆ ಮುಗಿದಂತೆ.

ಹಣದ ಲೆಕ್ಕ

ಸಂಘದ ನಿಧಿ ಸದಸ್ಯರ ವಂತಿಗೆಯಿಂದ, ಇದ್ದರೆ ಸರ್ಕಾರದ ಅನುದಾನದಿಂದ ಮಾತ್ರ ಬರಬೇಕು, ರಾಜಕೀಯ ನಿಧಿ ಇಡುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಅಂಚೆ ನೌಕರರ ರಾಷ್ಟ್ರೀಯ ಒಕ್ಕೂಟ ಎನ್‌ಎಫ್‌ಪಿಇ ಮತ್ತು ಅದರ ಗ್ರೂಪ್ ಸಿ ಸಂಘದ ಮಾನ್ಯತೆಯನ್ನು ಇಲಾಖೆ ಹಿಂಪಡೆದದ್ದು ನಿಧಿಯ ಬಳಕೆಯನ್ನೇ ಮುಂದೊಡ್ಡಿ. ಆ ಕ್ರಮದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಮಾನ್ಯತೆ ಹೋದರೆ ಮೇಜಿನ ಮುಂದಿನ ಕುರ್ಚಿಯೂ ಹೋಗುತ್ತದೆ. ವಿಭಾಗೀಯ ಘಟಕದಲ್ಲಿ ₹200 ಮೀರಿದ ಪ್ರತಿ ಖರ್ಚಿಗೂ ರಸೀದಿ ಇರಲಿ, ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕಿರಲಿ. ಧರಣಿಯ ಶಾಮಿಯಾನ, ಮೈಕು, ಊಟದ ಲೆಕ್ಕವನ್ನು ಹದಿನೈದು ದಿನದೊಳಗೆ ಪ್ರತಿ ಅಕೌಂಟ್ ಆಫೀಸಿನ ಸಂಪರ್ಕ ಸದಸ್ಯರಿಗೆ ಕಳಿಸಿ.

ಒಪ್ಪಿಗೆಯಾದ ವಿಷಯಗಳ ಪಟ್ಟಿಯೂ ಅದೇ ಲಕೋಟೆಯಲ್ಲಿ ಹೋಗಲಿ: ಏನು ಕೇಳಿದ್ದೆವು, ಏನು ಸಿಕ್ಕಿತು, ಯಾವುದಕ್ಕೆ ಯಾವ ದಿನಾಂಕ. ಸಿಗದಿದ್ದನ್ನು ಸಿಕ್ಕಿತೆಂದು ಬರೆಯಬೇಡಿ. ಮೂರು ತಿಂಗಳಾದ ಮೇಲೆ ಆ 20 ಬಿಒಗಳಿಗೆ ಫೋನ್ ಮಾಡಿ ಪೇಸ್ಲಿಪ್ ಕಳಿಸಲು ಹೇಳಿ, ಆದೇಶ ಬಂದೂ ಮೊತ್ತ ಬದಲಾಗದ ಹೆಸರುಗಳನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಹಾಕಿ.