‘ಇಷ್ಟು ಟನ್ ಇಂಗಾಲ ಉಳಿಯಿತು’ ಎನ್ನುವ ಲೆಕ್ಕವನ್ನು ಪರೀಕ್ಷಿಸುವುದು ಹೇಗೆ?

ಸೌರ ಮತ್ತು ಪವನ ವಿದ್ಯುತ್ತಿನ ವರದಿಗಳನ್ನು ಓದಿ, ನೀತಿ ರೂಪಿಸುವವರಿಗೆ ಅವುಗಳ ಸಾರ ಬರೆದುಕೊಡುವುದು ನನ್ನ ಕೆಲಸ. ಯಾವ ವರದಿ ಕೈಗೆ ಬಂದರೂ ಮೊದಲ ಪುಟದ ಸಾರಾಂಶವನ್ನು ನಾನು ಕೊನೆಗೆ ಓದುತ್ತೇನೆ. ಅದಕ್ಕೂ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಈ ಹೊಸ ವಿದ್ಯುತ್ ಬಂದದ್ದರಿಂದ ಎಲ್ಲಿಯ, ಯಾವ ವಿದ್ಯುತ್ತಿನ ಉತ್ಪಾದನೆ ನಿಂತಿತು? ಸೌರಫಲಕ ತಾನಾಗಿಯೇ ಒಂದು ಗ್ರಾಂ ಹೊಗೆಯನ್ನೂ ತಗ್ಗಿಸುವುದಿಲ್ಲ. ಅದರಿಂದಾಗಿ ಬೇರೊಂದು ಕಡೆ ಬಾಯ್ಲರಿಗೆ ಬೀಳುವ ಕಲ್ಲಿದ್ದಲು ಕಡಿಮೆಯಾದಾಗಲೇ ವಾತಾವರಣಕ್ಕೆ ಲಾಭ. ವರದಿಯಲ್ಲಿ ಈ ಕೊಂಡಿ ಇದೆಯೇ ಎಂದು ನೀವೂ ನೋಡಬಹುದು. ಕಾಗದ, ಪೆನ್ಸಿಲ್ ಮತ್ತು ಗುಣಾಕಾರ ಸಾಕು.

ಮೊದಲು ಮೆಗಾವ್ಯಾಟ್ ಮತ್ತು ಯೂನಿಟ್‌ಗಳನ್ನು ಬೇರೆ ಮಾಡಿಕೊಳ್ಳಿ. ಮೆಗಾವ್ಯಾಟ್ ಎನ್ನುವುದು ಸ್ಥಾವರದ ಸಾಮರ್ಥ್ಯ. ಯೂನಿಟ್, ಅಂದರೆ ಕಿಲೋವ್ಯಾಟ್ ಗಂಟೆ, ಅದು ನಿಜವಾಗಿ ಕೊಟ್ಟ ವಿದ್ಯುತ್. ರಾತ್ರಿ, ಮೋಡ, ಧೂಳು ಎಲ್ಲವನ್ನೂ ಕಳೆದರೆ ಸೌರ ಸ್ಥಾವರವೊಂದು ವರ್ಷಕ್ಕೆ ಕೊಡುವುದು ಪೂರ್ಣ ಸಾಮರ್ಥ್ಯದ ಶೇ 15ರಿಂದ 25ರಷ್ಟು. ನೆಲದ ಮೇಲಿನ ಗಾಳಿಯಂತ್ರಗಳಲ್ಲಿ ಇದು ಹೆಚ್ಚಾಗಿ ಶೇ 25ರಿಂದ 40ರ ನಡುವೆ ಇರುತ್ತದೆ. ಈ ಪ್ರಮಾಣವನ್ನು ಹೇಳದ ವರದಿಯನ್ನು ನಾನು ಅಲ್ಲಿಗೇ ಪಕ್ಕಕ್ಕಿಡುತ್ತೇನೆ.

ಈಗ ಒಂದು ಲೆಕ್ಕ ಮಾಡೋಣ. ಸ್ಥಾವರ 100 ಮೆಗಾವ್ಯಾಟಿನದು, ಅದು ಕೊಡುವುದು ಪೂರ್ಣ ಸಾಮರ್ಥ್ಯದ ಶೇ 20 ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,760 ಗಂಟೆ. ಮೂರನ್ನೂ ಗುಣಿಸಿದರೆ 1,75,200 ಮೆಗಾವ್ಯಾಟ್ ಗಂಟೆ, ಅಂದರೆ 17.52 ಕೋಟಿ ಯೂನಿಟ್. ಇನ್ನು ಹೊರಸೂಸುವಿಕೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2014ರ ವರದಿಯಲ್ಲಿ ಸ್ಥಾವರ ಕಟ್ಟುವುದರಿಂದ ಹಿಡಿದು ಕಳಚುವವರೆಗಿನ ಲೆಕ್ಕ ಕೊಟ್ಟಿದೆ. ಅದರ ಮಧ್ಯಮ ಅಂದಾಜಿನಂತೆ ಒಂದು ಯೂನಿಟ್‌ಗೆ ಕಲ್ಲಿದ್ದಲಿನಿಂದ 820 ಗ್ರಾಂ, ನೈಸರ್ಗಿಕ ಅನಿಲದಿಂದ 490, ದೊಡ್ಡ ಸೌರ ಸ್ಥಾವರಗಳಿಂದ 48, ನೆಲದ ಮೇಲಿನ ಗಾಳಿಯಂತ್ರಗಳಿಂದ 11 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬರುತ್ತದೆ. ಕಲ್ಲಿದ್ದಲಿನ ಜಾಗಕ್ಕೆ ಸೌರ ಬಂದರೆ ಯೂನಿಟ್‌ಗೆ 772 ಗ್ರಾಂ ಉಳಿತಾಯ, ವರ್ಷಕ್ಕೆ ಸುಮಾರು 1.35 ಲಕ್ಷ ಟನ್. ಅನಿಲದ ಜಾಗಕ್ಕೆ ಬಂದರೆ ಅದೇ ಸ್ಥಾವರದಿಂದ ಉಳಿಯುವುದು ಸುಮಾರು 77 ಸಾವಿರ ಟನ್. ಜಲವಿದ್ಯುತ್ತಿನ ಉತ್ಪಾದನೆಯನ್ನು ತಗ್ಗಿಸಿ ಸೌರವನ್ನು ತೆಗೆದುಕೊಂಡರೆ? ಉಳಿಸಿದ ನೀರು ಸಂಜೆಗೆ ಕಲ್ಲಿದ್ದಲನ್ನು ತಪ್ಪಿಸದ ಹೊರತು ಲಾಭ ಇಲ್ಲವೇ ಇಲ್ಲ.

ಇದೇ ಸ್ಥಾವರಕ್ಕೆ ಯಾರಾದರೂ ‘7 ಲಕ್ಷ ಟನ್ ಉಳಿತಾಯ’ ಎಂದು ಬರೆದಿದ್ದರೆ ಆ ಅಂಕಿಯ ಮೂಲವೂ ನಿಮಗೆ ಹೊಳೆಯುತ್ತದೆ. ಸ್ಥಾವರ ಹಗಲುರಾತ್ರಿ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತದೆ ಎಂದುಕೊಂಡು 820ರಿಂದ ಗುಣಿಸಿದರೆ ಬರುವುದು ಅದೇ. ಐದು ಪಟ್ಟಿನ ಈ ಉತ್ಪ್ರೇಕ್ಷೆ ಬಹಳ ಸಲ ಕಣ್ಣಿಗೆ ಬೀಳುತ್ತದೆ, ಮತ್ತು ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ನಿಜವಾದ ಉಳಿತಾಯವೇ ದೊಡ್ಡದಾಗಿರುವಾಗ ಅದನ್ನು ಉಬ್ಬಿಸಿದರೆ, ಇಡೀ ವಿಷಯವನ್ನೇ ಅನುಮಾನದಿಂದ ನೋಡುವವರಿಗೆ ನಾವೇ ಆಯುಧ ಕೊಟ್ಟಂತೆ.

ಮಧ್ಯಮ ಅಂದಾಜಿನ ಜೊತೆಗೆ ವ್ಯಾಪ್ತಿಯನ್ನೂ ನೋಡಿ. ಜಲವಿದ್ಯುತ್ತಿಗೆ ಅದೇ ವರದಿಯ ಮಧ್ಯಮ ಅಂಕಿ 24 ಗ್ರಾಂ, ಆದರೆ ಗರಿಷ್ಠ 2,200. ಮುಳುಗಿದ ಸಸ್ಯರಾಶಿ ಜಲಾಶಯದಲ್ಲಿ ಕೊಳೆತು ಮೀಥೇನ್ ಹೊರಬಿಡುವುದು ಇದಕ್ಕೆ ಮುಖ್ಯ ಕಾರಣ.

ಮುಂದಿನದು ಹೊತ್ತಿನ ಪ್ರಶ್ನೆ. ಇಲ್ಲಿ ಆತುರಪಡಬೇಡಿ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲಿ ಪ್ರಕಟಿಸಿದ ನಕ್ಷೆಯೊಂದು ಬಾತುಕೋಳಿಯ ಆಕಾರದಿಂದಾಗಿ ಹೆಸರಾಯಿತು. ಸೌರ ಮತ್ತು ಪವನ ವಿದ್ಯುತ್ತನ್ನು ಕಳೆದ ಮೇಲೆ ಉಳಿಯುವ ಬೇಡಿಕೆ ಮಧ್ಯಾಹ್ನ ಹೊಟ್ಟೆಯಂತೆ ಕೆಳಗಿಳಿಯುತ್ತದೆ. ಸೂರ್ಯ ಇಳಿಯುತ್ತಿದ್ದಂತೆ ಕತ್ತಿನಂತೆ ಕಡಿದಾಗಿ ಏರುತ್ತದೆ. ಹೊಟ್ಟೆಯ ಹೊತ್ತಿನಲ್ಲಿ ಗ್ರಿಡ್ಡಿಗೆ ಬೇಡವಾದ ಸೌರ ವಿದ್ಯುತ್ತನ್ನು ತಡೆಹಿಡಿಯಬೇಕಾಗುತ್ತದೆ. ಕತ್ತಿನ ಹೊತ್ತಿನಲ್ಲಿ ಅನಿಲ ಸ್ಥಾವರಗಳನ್ನು ವೇಗವಾಗಿ ಏರಿಸಬೇಕಾಗುತ್ತದೆ. ಆದ್ದರಿಂದ ವಾರ್ಷಿಕ ಸರಾಸರಿಯಷ್ಟಕ್ಕೇ ತೃಪ್ತರಾಗದೆ ಅಧ್ಯಯನದಲ್ಲಿ ಗಂಟೆಗಂಟೆಯ ದತ್ತಾಂಶ ಹುಡುಕಿ. ತಡೆಹಿಡಿದ ವಿದ್ಯುತ್ ಎಷ್ಟು, ಬ್ಯಾಟರಿಗೆ ಹೋದದ್ದು ಎಷ್ಟು, ಬ್ಯಾಟರಿಯಿಂದ ಮರಳಿ ಬಂದದ್ದು ಎಷ್ಟು ಎಂಬ ಮೂರು ಅಂಕಿಗಳು ಸಿಕ್ಕರೆ ಆ ಅಧ್ಯಯನವನ್ನು ನಂಬಿಕೆಯಿಂದ ಓದಬಹುದು.

‘ನಾವು ಶೇ 100 ಹಸಿರು ವಿದ್ಯುತ್ ಬಳಸುತ್ತೇವೆ’ ಎನ್ನುವ ಕಂಪನಿಗಳ ಮಾತಿಗೂ ಇದೇ ಪರೀಕ್ಷೆ. ಕಂಪನಿಗಳು ಹಸಿರುಮನೆ ಅನಿಲಗಳ ಲೆಕ್ಕ ಇಡಲು ಬಳಸುವ ಅಂತರರಾಷ್ಟ್ರೀಯ ಮಾನದಂಡವಾದ ಜಿಎಚ್‌ಜಿ ಪ್ರೋಟೋಕಾಲ್‌ನ 2015ರ ಮಾರ್ಗಸೂಚಿಯ ಪ್ರಕಾರ, ಇಷ್ಟು ಹಸಿರು ವಿದ್ಯುತ್ ಉತ್ಪಾದನೆಯಾಯಿತು ಎಂದು ತೋರಿಸುವ ಪ್ರಮಾಣಪತ್ರಗಳ ಮಾರುಕಟ್ಟೆ ಇರುವ ಕಡೆ ಕಂಪನಿ ತನ್ನ ವಿದ್ಯುತ್ತಿನ ಹೊರಸೂಸುವಿಕೆಗೆ ಎರಡು ಲೆಕ್ಕ ಕೊಡಬೇಕು: ಸ್ಥಳೀಯ ಗ್ರಿಡ್ಡಿನ ಸರಾಸರಿಯಂತೆ ಒಂದು, ಕೊಂಡ ಪ್ರಮಾಣಪತ್ರಗಳಂತೆ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ಸೊನ್ನೆಗಿಳಿದು ಮೊದಲನೆಯದು ಕದಲದಿದ್ದರೆ, ಆ ಪ್ರಮಾಣಪತ್ರ ಹೊಸ ಸ್ಥಾವರದ್ದೋ, ಎಷ್ಟೋ ವರ್ಷಗಳಿಂದ ಓಡುತ್ತಿರುವ ಹಳೆಯದ್ದೋ ಎಂದು ಕೇಳಿ.

ನೀತಿಯನ್ನು ಓದುವಾಗ ಗುರಿಗಿಂತ ಅವಧಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅಮೆರಿಕದಲ್ಲಿ ಪವನ ವಿದ್ಯುತ್ತಿಗೆ 1992ರಲ್ಲಿ ಬಂದ ತೆರಿಗೆ ರಿಯಾಯಿತಿಯನ್ನು ಪದೇ ಪದೇ ಅಲ್ಪಾವಧಿಗೆ ಮಾತ್ರ ವಿಸ್ತರಿಸುತ್ತಿದ್ದರು. 2012ರ ಕೊನೆಗೆ ಅದು ಮುಗಿಯಲಿದೆ ಎಂದು ಆ ವರ್ಷ ಸುಮಾರು 13 ಗಿಗಾವ್ಯಾಟ್ ಅವಸರದಲ್ಲಿ ಎದ್ದುನಿಂತಿತು. ಮರುವರ್ಷ ಸೇರಿದ್ದು ಸುಮಾರು 1 ಗಿಗಾವ್ಯಾಟ್. ಗಾಳಿಯೂ ಅದೇ, ಯಂತ್ರವೂ ಅದೇ, ಬದಲಾದದ್ದು ಕಾಯ್ದೆಯ ಭರವಸೆ. ನೀತಿ ಪತ್ರದಲ್ಲಿ 2040ರ ಗುರಿ ದಪ್ಪ ಅಕ್ಷರದಲ್ಲಿದ್ದು, ಬೆಂಬಲ ಮುಂದಿನ ಮಾರ್ಚ್‌ಗೆ ಮುಗಿಯುವುದಾದರೆ ಅದಕ್ಕೆ ಅಡಿಗೆರೆ ಹಾಕಿ.

ಯಶಸ್ಸಿನ ಕಥೆಗಳಲ್ಲೂ ಶ್ರೇಯವನ್ನು ಹಂಚಿ ಓದಿ. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಶೇ 40 ಇತ್ತು. ಅಲ್ಲಿಯ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಪವನ ವಿದ್ಯುತ್ತಿನ ಪಾತ್ರ ದೊಡ್ಡದೇ. ಆದರೆ 2013ರಲ್ಲಿ ಇಂಗಾಲಕ್ಕೆ ವಿಧಿಸಿದ ಕನಿಷ್ಠ ಬೆಲೆ, ಅನಿಲ ಸ್ಥಾವರಗಳು, ತಗ್ಗಿದ ಬೇಡಿಕೆ ಇವೂ ಕಲ್ಲಿದ್ದಲನ್ನು ಹೊರಗೆ ತಳ್ಳಿದವು. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟುವ ವರದಿ ಸಿಕ್ಕರೆ, ಆ ಒಂದು ಕಾರಣ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಹೋಲಿಕೆಯನ್ನು ಲೇಖಕರು ಯಾವ ಪುಟದಲ್ಲಿ ಕೊಟ್ಟಿದ್ದಾರೆ ಎಂದು ಹುಡುಕಿ. ಸಾಮಾನ್ಯವಾಗಿ ಅದು ಅನುಬಂಧದಲ್ಲಿರುತ್ತದೆ. ಅಲ್ಲಿಯೂ ಇಲ್ಲದಿದ್ದರೆ ದತ್ತಾಂಶದ ಕಡತ ಕೊಡಿ ಎಂದು ಲೇಖಕರಿಗೆ ಬರೆಯಿರಿ. ಸಾರಾಂಶವನ್ನು ಅದು ಬಂದ ಮೇಲೆ ಓದಿದರಾಯಿತು.